ಮಳೆ ಹಿಡಿಯುವ ಮೊದಲೇ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯ ಕಂಪ್ಯೂಟರ್‌ಗಳನ್ನು ನೋಂದಾಯಿಸಿಕೊಂಡವರಿಗೆ ಸುರಕ್ಷತೆಯ ಅಪ್‌ಡೇಟ್ ಇನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಆಮೇಲೆ ಇಲ್ಲ. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಅದಕ್ಕೆ ಟಿಪಿಎಂ 2.0 ಎನ್ನುವ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2017ಕ್ಕೆ ಮೊದಲು ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಈ ಸಾಲಿನಿಂದ ಹೊರಗೇ ಉಳಿಯುತ್ತವೆ.

ಕೊಡಗಿನಲ್ಲಿ ಅಂಥ ಲ್ಯಾಪ್‌ಟಾಪ್‌ಗಳು ಬೇಕಾದಷ್ಟಿವೆ. ತೋಟದ ಲೆಕ್ಕಕ್ಕೆ ಒಂದು, ಹೋಂಸ್ಟೇ ಬುಕ್ಕಿಂಗ್‌ಗೆ ಒಂದು, ಬೆಂಗಳೂರಿನಲ್ಲಿರುವ ಮಗಳು ಹೊಸದು ಕೊಂಡ ಮೇಲೆ ಮನೆಗೆ ತಂದಿಟ್ಟದ್ದು ಒಂದು. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಅದನ್ನು ಗುಜರಿಗೆ ಹಾಕುವುದು ಅನ್ಯಾಯ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಇನ್ನೂ ಕೆಲವು ವರ್ಷ ಧೈರ್ಯವಾಗಿ ಬಳಸಬಹುದು. ಉಚಿತ, ಮುಕ್ತ ತಂತ್ರಾಂಶ, ಲೈಸೆನ್ಸ್ ಕೀ ಗೊಡವೆಯಿಲ್ಲ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಇದೇನೂ ಯಾರೂ ಮಾಡದ ಸಾಹಸ ಅಲ್ಲ. ಮಾಕುಟ್ಟ ಘಾಟಿ ಇಳಿದರೆ ಸಿಗುವ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿದೆ. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿಕೊಂಡಿದೆ. 2025ರಲ್ಲಿ, ಲಿನಕ್ಸ್‌ಗೆ ಮುಕ್ತ ತಂತ್ರಾಂಶ ಮಾಡುವ ಕೆಡಿಇ ಬಳಗದವರು 'ಎಂಡ್ ಆಫ್ ಟೆನ್' ಎಂಬ ಅಭಿಯಾನವನ್ನೇ ಶುರು ಮಾಡಿದರು. ವಿಂಡೋಸ್ 10 ಇರುವ ಯಂತ್ರಗಳನ್ನು ಎಸೆಯದೆ ಲಿನಕ್ಸ್‌ಗೆ ಬದಲಾಯಿಸಿ ಎನ್ನುವುದೇ ಅವರ ಮಾತು.

ನನ್ನ ಸಲಹೆ ಒಂದೇ. ಈ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ. ಜೂನ್ ಬಂದರೆ ಕರೆಂಟ್ ಯಾವಾಗ ಹೋಗುತ್ತದೆ, ಟವರ್ ಯಾವಾಗ ಸಾಯುತ್ತದೆ ಹೇಳಲಾಗದು. ಅರ್ಧ ಡೌನ್‌ಲೋಡ್ ಆದ ಫೈಲ್ ಇಟ್ಟುಕೊಂಡು ಆಗಸ್ಟ್‌ವರೆಗೆ ಕಾಯುವುದು ಬೇಡ.

ಮೊದಲು ಯಂತ್ರ ನೋಡಿ, ಆಮೇಲೆ ಮಾತು

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಅದರೊಳಗೆ ಅಬೌಟ್ ಒತ್ತಿ. ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು, 32 ಬಿಟ್ಟೋ 64 ಬಿಟ್ಟೋ ಎಲ್ಲ ಅಲ್ಲೇ ಇರುತ್ತದೆ. ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ ಎಂದು ಬರೆದಿದ್ದಾರೆ. ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯುವವರಿಗೆ 4 ಜಿಬಿ ಬೇಕೇ ಬೇಕು. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ, ಹಗುರ. 8 ಜಿಬಿ ಇದ್ದರೆ ಸಿನಮನ್ ಆವೃತ್ತಿ. ಅದು ನೋಡಲು ವಿಂಡೋಸ್‌ನ ಹಾಗೇ ಇರುವುದರಿಂದ ಮನೆಯ ಹಿರಿಯರಿಗೂ ತಡವರಿಕೆ ಕಡಿಮೆ.

32 ಬಿಟ್‌ನ ತೀರಾ ಹಳೆಯ ಯಂತ್ರ ಇದ್ದರೆ ಆಸೆ ಬಿಡುವುದೇ ಒಳ್ಳೆಯದು. 2025ರ ಆಗಸ್ಟ್‌ನಲ್ಲಿ ಬಂದ, ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್ 13ರಲ್ಲಿ 32 ಬಿಟ್‌ನ ಇನ್‌ಸ್ಟಾಲರ್ ಇಲ್ಲ, ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸ್ ಕೈಬಿಟ್ಟಿದೆ.

ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮಾತ್ರ ಸ್ವಲ್ಪ ಖರ್ಚು ಮಾಡಿ ಎಂದು ಹೇಳುತ್ತೇನೆ. ಗೋಣಿಕೊಪ್ಪ, ಮಡಿಕೇರಿ, ಕುಶಾಲನಗರದ ಕಂಪ್ಯೂಟರ್ ಅಂಗಡಿಗಳಲ್ಲಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಕೇಳಿ. ಹೊಸ ಲ್ಯಾಪ್‌ಟಾಪ್‌ಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ಲಿನಕ್ಸ್ ಹಾಕಿದ್ದರಿಂದ ಸಿಗುವ ವೇಗಕ್ಕಿಂತ ಇದರಿಂದ ಸಿಗುವ ವೇಗವೇ ಜಾಸ್ತಿ. ಇನ್ನೊಂದು ಲಾಭವೂ ಇದೆ. ಹಳೆಯ ಡಿಸ್ಕ್ ತೆಗೆದು ಪಕ್ಕಕ್ಕಿಟ್ಟರೆ ನಿಮ್ಮ ವಿಂಡೋಸ್, ಫೋಟೋ, ಲೆಕ್ಕ ಎಲ್ಲ ಅದರಲ್ಲಿ ಹಾಗೇ ಭದ್ರವಾಗಿ ಉಳಿಯುತ್ತದೆ.

ಯಾರು ಬದಲಾಯಿಸಬಾರದು? ಟ್ಯಾಲಿ ಮೇಲೆ ದಿನವೂ ಕೆಲಸ ಮಾಡುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ಜಿಎಸ್‌ಟಿ ತುಂಬುವವರು ಆ ಒಂದು ಕಂಪ್ಯೂಟರನ್ನು ವಿಂಡೋಸ್‌ನಲ್ಲೇ ಇಟ್ಟುಕೊಳ್ಳಿ. ಟ್ಯಾಲಿ ನೇರವಾಗಿ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಪಹಣಿ ನೋಡುವುದು, ಬ್ಯಾಂಕ್, ಮೇಲ್, ವಿಡಿಯೋ ಕರೆ ಎಲ್ಲ ಬ್ರೌಸರ್‌ನಲ್ಲೇ ನಡೆಯುವುದರಿಂದ ತೊಂದರೆಯಿಲ್ಲ.

ಡೌನ್‌ಲೋಡ್: ಟೊರೆಂಟ್ ಬಳಸಿ

ಮಿಂಟ್ ಹಾಕಲು ಬೇಕಾದ್ದೆಲ್ಲ ಒಳಗಿರುವ ಐಎಸ್‌ಒ ಫೈಲ್ ಸುಮಾರು 3 ಜಿಬಿ. ಬ್ರೌಸರ್‌ನಲ್ಲಿ ನೇರವಾಗಿ ಇಳಿಸಲು ಕೂತರೆ ಮುಕ್ಕಾಲು ಪಾಲು ಆದ ಮೇಲೆ ನೆಟ್‌ವರ್ಕ್ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡುವ ಪಾಡು ಬರಬಹುದು. ಮಿಂಟ್‌ನ ಜಾಲತಾಣದಲ್ಲೇ ಟೊರೆಂಟ್ ಕೊಂಡಿಯೂ ಇದೆ. ಟೊರೆಂಟ್ ಅಂದ ಕೂಡಲೇ ಕದ್ದ ಸಿನಿಮಾ ಎಂದುಕೊಳ್ಳಬೇಡಿ, ಇದು ಅವರೇ ಅಧಿಕೃತವಾಗಿ ಕೊಟ್ಟಿರುವ ದಾರಿ. ಕ್ಯೂಬಿಟ್‌ಟೊರೆಂಟ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಂಡು ಆ ಕೊಂಡಿ ತೆರೆಯಿರಿ. ಕರೆಂಟ್ ಹೋಗಲಿ, ಟವರ್ ಹೋಗಲಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಪ್ರತಿ ತುಣುಕನ್ನೂ ಸರಿಯಿದೆಯೇ ಎಂದು ಅದೇ ಪರೀಕ್ಷಿಸಿಕೊಳ್ಳುತ್ತದೆ.

ನೇರವಾಗಿ ಇಳಿಸಿದವರು ಮತ್ತು ಬೇರೆಯವರ ಪೆನ್‌ಡ್ರೈವ್‌ನಿಂದ ತಂದವರು ಒಂದು ಪರೀಕ್ಷೆ ತಪ್ಪಿಸಬಾರದು. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶ ಇದ್ದರೆ ಐಎಸ್‌ಒ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಆರ್‌ಸಿ ಎಸ್‌ಎಚ್‌ಎ ಎಂಬಲ್ಲಿ ಎಸ್‌ಎಚ್‌ಎ-256 ಆರಿಸಿ. ಫೈಲ್‌ನ ಬೆರಳಚ್ಚಿನಂಥ, ಅಕ್ಷರ ಮತ್ತು ಅಂಕಿಗಳ ಉದ್ದದ ಒಂದು ಮಾಲೆ ಬರುತ್ತದೆ. ಮಿಂಟ್‌ನ ಜಾಲತಾಣದಲ್ಲಿ ಅದೇ ಆವೃತ್ತಿಗೆ ಕೊಟ್ಟಿರುವ ಮಾಲೆಯ ಜೊತೆ ಹೋಲಿಸಿ. ಎರಡೂ ಒಂದೇ ಆಗಿರಬೇಕು. 2016ರ ಫೆಬ್ರವರಿಯಲ್ಲಿ ಕಳ್ಳರು ಮಿಂಟ್‌ನ ಜಾಲತಾಣಕ್ಕೇ ನುಗ್ಗಿ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿರುವ ನಕಲಿ ಫೈಲ್‌ಗೆ ತಿರುಗಿಸಿದ್ದರು. ಹೀಗಾಗಿ ಎಚ್ಚರ ಒಳ್ಳೆಯದು.

ಪೆನ್‌ಡ್ರೈವ್ ಸಿದ್ಧ ಮಾಡುವುದು

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ತೆಗೆದಿಡಿ. ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ಎಂಬ ಉಚಿತ ತಂತ್ರಾಂಶ ತೆರೆದು ಪೆನ್‌ಡ್ರೈವ್ ಆರಿಸಿ, ಐಎಸ್‌ಒ ಆರಿಸಿ, ಸ್ಟಾರ್ಟ್ ಒತ್ತಿ. ಏನಾದರೂ ಕೇಳಿದರೆ ಅದೇ ಸೂಚಿಸುವ ಆಯ್ಕೆಯನ್ನು ಒಪ್ಪಿಕೊಳ್ಳಿ.

ಊರಿನ ಹಲವು ಮನೆಗಳಿಗೆ ಹಾಕಿಕೊಡುವ ಉತ್ಸಾಹ ಇರುವವರಿಗೆ ವೆಂಟಾಯ್ ಎಂಬ ತಂತ್ರಾಂಶ ಒಳ್ಳೆಯದು. ಒಮ್ಮೆ ಪೆನ್‌ಡ್ರೈವ್‌ಗೆ ಅದನ್ನು ಹಾಕಿದರೆ ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರಾಯಿತು. ಸಿನಮನ್, ಎಕ್ಸ್‌ಎಫ್‌ಸಿಇ, ಡೆಬಿಯನ್ ಮೂರೂ ಒಂದೇ ಪೆನ್‌ಡ್ರೈವ್‌ನಲ್ಲಿ ಕೂರುತ್ತವೆ. ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶದಿಂದ ಯಂತ್ರ ತೆರೆಯದಂತೆ ತಡೆಯುವ ಕಾವಲು) ಇರುವ ಯಂತ್ರಗಳಲ್ಲಿ ಮೊದಲ ಸಲ ಒಂದು ನೀಲಿ ಪರದೆ ಬಂದು ಕೀ ಸೇರಿಸಲು ಕೇಳುತ್ತದೆ. ಹೊಸಬರು ಅಲ್ಲಿ ಗಾಬರಿಯಾಗುತ್ತಾರೆ, ಅದಕ್ಕೇ ಮೊದಲ ಸಲಕ್ಕೆ ರೂಫಸ್ ಸಾಕು ಎನ್ನುತ್ತೇನೆ.

ಹಾಕುವ ಮುಂಚೆ ಓಡಿಸಿ ನೋಡಿ

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುತ್ತಲೇ ಬೂಟ್ ಮೆನು (ಯಾವ ಡಿಸ್ಕ್‌ನಿಂದ ತೆರೆಯಬೇಕು ಎಂದು ಕೇಳುವ ಪಟ್ಟಿ) ಕೀ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಮೊದಲು ಚಾಲೂ ಮಾಡಬೇಕಾಗಬಹುದು.

ಮಿಂಟ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ಇನ್ನೂ ನಿಮ್ಮ ಡಿಸ್ಕ್ ಮುಟ್ಟಿಲ್ಲ. ಇಲ್ಲಿ ಅರ್ಧ ಗಂಟೆ ಕೂತು ಒಂದೊಂದಾಗಿ ನೋಡಿ. ವೈಫೈ ಸಿಗುತ್ತಿದೆಯೇ? ಸ್ಪೀಕರ್, ಕ್ಯಾಮೆರಾ, ಟಚ್‌ಪ್ಯಾಡ್ ಸರಿಯಿದೆಯೇ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತದೆಯೇ? ಪ್ರಿಂಟರ್ ಇದ್ದರೆ ಅದನ್ನೂ ಜೋಡಿಸಿ ಒಂದು ಹಾಳೆ ತೆಗೆಯಿರಿ.

ಪ್ರಿಂಟರ್ ಬಗ್ಗೆ ಮುಂಚೆಯೇ ಹೇಳಿಬಿಡುತ್ತೇನೆ. ಎಚ್‌ಪಿಯವು ಬಹುತೇಕ ತಾವಾಗಿಯೇ ಕೆಲಸ ಮಾಡುತ್ತವೆ. ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಕಚೇರಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಸತಾಯಿಸುವ ಜಾತಿ, ಅದಕ್ಕೆ ಬೇರೆಯೇ ಡ್ರೈವರ್ ಹುಡುಕಿ ಹಾಕಬೇಕು. ಅದೊಂದೇ ಪ್ರಿಂಟರ್ ನಿಮಗೆ ಆಧಾರವಾಗಿದ್ದರೆ ನಿರ್ಧಾರಕ್ಕೆ ಮೊದಲು ಇದನ್ನು ಯೋಚಿಸಿ.

ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದು ತಿಳಿದು ತಕ್ಷಣ ಹಿಡಿದುಕೊಳ್ಳುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ವೈಫೈಗೆ ಬೇಕಾದ ಡ್ರೈವರ್ ತೋರಿಸುತ್ತದೆ. ಬ್ರಾಡ್‌ಕಾಮ್ ವೈಫೈ ಇರುವ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಬಹುತೇಕ ಇದೇ ಮದ್ದು.

ಇನ್‌ಸ್ಟಾಲ್

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಚಾರ್ಜರ್ ಚುಚ್ಚಿಯೇ ಇರಲಿ. ಬ್ಯಾಟರಿ ಸತ್ತುಹೋದ ಲ್ಯಾಪ್‌ಟಾಪ್ ಆದರೆ ಯುಪಿಎಸ್‌ನಿಂದ ಕೊಡಿ. ನಡುವೆ ಕರೆಂಟ್ ಹೋಗುವುದೇ ಇಲ್ಲಿ ದೊಡ್ಡ ಅಪಾಯ. ಏಪ್ರಿಲ್, ಮೇಯಲ್ಲಿ ಸಂಜೆ ಗುಡುಗು ಜಾಸ್ತಿ. ಈ ಕೆಲಸಕ್ಕೆ ಬೆಳಗ್ಗೆಯೇ ಕೂರುವುದು ಒಳ್ಳೆಯದು.

ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ನಿಮ್ಮ ಫೈಲ್‌ಗಳ ಒಂದು ಪ್ರತಿ ಹೊರಗಿನ ಡಿಸ್ಕ್‌ಗೆ ತೆಗೆದಿಡಿ. ಆಮೇಲೆ ಪೆನ್‌ಡ್ರೈವ್‌ನಿಂದ ತೆರೆದ ಮಿಂಟ್‌ನ ಡೆಸ್ಕ್‌ಟಾಪ್‌ನಲ್ಲಿರುವ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೋ ಓಡಿಸಲು ಬೇಕಾದದ್ದು) ಬೇಕೇ ಎಂದರೆ ಹೌದು ಅನ್ನಿ. ಆಮೇಲೆ ಬರುವ ಪ್ರಶ್ನೆಯಲ್ಲಿ ಮಾತ್ರ ಕೈ ನಿಧಾನ ಮಾಡಿ. ವಿಂಡೋಸ್ ಜೊತೆಗೆ ಇರಲಿ ಎನ್ನುವ ಆಯ್ಕೆ ಒಂದು, ಡಿಸ್ಕ್ ಪೂರ್ತಿ ಅಳಿಸಿ ಮಿಂಟ್ ಹಾಕು ಎನ್ನುವ ಆಯ್ಕೆ ಇನ್ನೊಂದು. ಹೊಸ ಎಸ್‌ಎಸ್‌ಡಿ ಹಾಕಿದವರಿಗೆ ಎರಡನೆಯದು. ವಿಂಡೋಸ್ ಇನ್ನೂ ಬೇಕೆನ್ನುವವರಿಗೆ ಮೊದಲನೆಯದು. ಡಿಸ್ಕ್ ಕಾಣಿಸುತ್ತಲೇ ಇಲ್ಲ ಅಂದರೆ ಬಯೋಸ್‌ನಲ್ಲಿ ಡಿಸ್ಕ್‌ನ ಸೆಟ್ಟಿಂಗ್ ರೇಡ್ ಎಂದಿರಬಹುದು. ಎಎಚ್‌ಸಿಐಗೆ ಬದಲಾಯಿಸಿದರೆ ಕಾಣುತ್ತದೆ. ಆದರೆ ವಿಂಡೋಸ್ ಉಳಿಸಿಕೊಳ್ಳುವವರು ಅದನ್ನು ಹಾಗೇ ಬದಲಾಯಿಸಿದರೆ ವಿಂಡೋಸ್ ತೆರೆಯದೆ ಹೋಗಬಹುದು, ತಿಳಿದವರನ್ನು ಕೇಳಿಯೇ ಕೈ ಹಾಕಿ.

ಉಳಿದದ್ದು ಸುಲಭ. ಊರು ಕೇಳಿದರೆ ಕೋಲ್ಕತ್ತ ಎಂದೇ ಇರಲಿ, ಅದು ಭಾರತದ ಸಮಯ. ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ.

ಕನ್ನಡ ಟೈಪಿಂಗ್

ನುಡಿ ಕೀಬೋರ್ಡ್‌ಗೆ ಕೈ ಒಗ್ಗಿದವರು ಲಿನಕ್ಸ್‌ಗೆ ಬರಲು ಹಿಂಜರಿಯುವುದು ಇಲ್ಲೇ. ಹೆದರಬೇಡಿ, ಕನ್ನಡ ಗಣಕ ಪರಿಷತ್ತಿನ ಅದೇ ಕಗಪ ವಿನ್ಯಾಸ ಇಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಎರಡನ್ನು ಹುಡುಕಿ ಹಾಕಿ. ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಆಡ್ ಒತ್ತಿ ಕನ್ನಡದ ಕೆಳಗಿರುವ ಕೆಜಿಪಿ, ಅಂದರೆ ಕಗಪ, ಸೇರಿಸಿ. ಮಿಂಟ್‌ನ ಆವೃತ್ತಿಯ ಮೇಲೆ ಮೆನುಗಳ ಜಾಗ ತುಸು ಬದಲಾಗಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ಹಾರಲು ಸಾಮಾನ್ಯವಾಗಿ ವಿಂಡೋಸ್ ಕೀ ಹಿಡಿದು ಸ್ಪೇಸ್.

ಸರಿಯಾಗಿ ಕೂತಿದೆಯೇ ಎಂದು ನೋಡಲು ಮಡಿಕೇರಿ ಎಂದು ಬರೆಯಿರಿ. ಎಂ, ಡಬ್ಲ್ಯೂ, ಐ, ಕೆ, ಶಿಫ್ಟ್ ಹಿಡಿದು ಇ, ಆರ್, ಐ. ಒತ್ತಕ್ಷರಕ್ಕೆ ನುಡಿಯಲ್ಲಿದ್ದ ಹಾಗೇ ಎಫ್. ಕೊಡವ ತಕ್ಕ್, ಅರೆಭಾಷೆಗಳನ್ನೂ ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಅವಕ್ಕೂ ಇದೇ ಕೀಬೋರ್ಡ್ ಸಾಕು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಕನ್ನಡ ಫಾಂಟ್‌ಗಳು ಸಿಗುತ್ತವೆ, ಹಾಕಿಕೊಳ್ಳಿ.

ಹಳೆಯ ನುಡಿ ಫೈಲ್ ತೆರೆದಾಗ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳೇ ಕಂಡರೆ ಫೈಲ್ ಹಾಳಾಗಿಲ್ಲ. ಅದು ಯುನಿಕೋಡ್‌ಗಿಂತ (ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಪದ್ಧತಿ) ಹಿಂದಿನ ಪದ್ಧತಿಯಲ್ಲಿ ಬರೆದದ್ದು, ಅಷ್ಟೇ. ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಸಂಘದ ನಡಾವಳಿ, ಐನ್‌ಮನೆಯ (ಕುಟುಂಬದ ಮೂಲಮನೆಯ) ವಂಶಾವಳಿ ಅಂಥ ಫೈಲ್‌ಗಳಲ್ಲಿ ಇದ್ದರೆ ಈಗಲೇ ಯುನಿಕೋಡ್ ಮಾಡಿಡಿ. ಒಮ್ಮೆ ಮಾಡಿಟ್ಟರೆ ಫೋನಿನಲ್ಲೂ ಓದಬಹುದು, ಹುಡುಕಬಹುದು.

ತೋಟದ ಲೆಕ್ಕ ಲಿಬ್ರೆಆಫೀಸ್‌ನಲ್ಲಿ

ಮಿಂಟ್ ಜೊತೆಗೇ ಲಿಬ್ರೆಆಫೀಸ್ ಬರುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬೆಳೆದ ಯೋಜನೆ ಇದು. ಇದರಲ್ಲಿರುವ, ಎಕ್ಸೆಲ್‌ನಂಥ ಕ್ಯಾಲ್ಕ್ ಒಂದೇ ತೋಟದ ಮನೆಗೆ ಸಾಕು. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಲ್ಯಾಪ್‌ಟಾಪ್ ನಿಜವಾಗಿ ದುಡಿಯುವುದು ಇಲ್ಲೇ.

ಕಾಫಿ ಕುಯ್ಲಿನ ಬಟವಾಡೆಯನ್ನೇ ತೆಗೆದುಕೊಳ್ಳಿ. ಎಷ್ಟೋ ಜನ ಹಾಜರಿ ಪುಸ್ತಕವನ್ನು ಹಾಗೇ ಕಂಪ್ಯೂಟರ್‌ಗೆ ಇಳಿಸುತ್ತಾರೆ. ಎಡಕ್ಕೆ ಹೆಸರು, ಮೇಲೆ ತಾರೀಕು, ನಡುವೆ ಕಿಲೋ. ನೋಡಲು ಚೆಂದ, ಲೆಕ್ಕ ತೆಗೆಯಲು ಕಷ್ಟ. ಬದಲಿಗೆ ಒಬ್ಬರ ಒಂದು ದಿನಕ್ಕೆ ಒಂದು ಸಾಲು ಬರೆಯಿರಿ. ತಾರೀಕು, ಹೆಸರು, ತೋಟದ ಯಾವ ಭಾಗ, ಅರೇಬಿಕಾ ಅಥವಾ ರೊಬಸ್ಟಾ, ಎಷ್ಟು ಕಿಲೋ, ಕಿಲೋಗೆ ಎಷ್ಟು, ಕೂಲಿ, ಮುಂಗಡ. ಕೂಲಿಯ ಕಾಲಂನಲ್ಲಿ ಕಿಲೋ ಮತ್ತು ದರ ಗುಣಿಸುವ ಸೂತ್ರ ಒಮ್ಮೆ ಬರೆದು ಕೆಳಗೆ ಎಳೆದರಾಯಿತು. ಸಾಲುಗಳ ನಡುವೆ ಖಾಲಿ ಬಿಡಬೇಡಿ, ಚೌಕಗಳನ್ನು ಒಂದುಗೂಡಿಸಬೇಡಿ. ಹೆಸರನ್ನು ಪ್ರತಿ ಸಲ ಒಂದೇ ಕಾಗುಣಿತದಲ್ಲಿ ಬರೆಯಿರಿ. ಇಲ್ಲದಿದ್ದರೆ ಒಬ್ಬರೇ ಇಬ್ಬರಾಗಿಬಿಡುತ್ತಾರೆ.

ವಾರದ ಕೊನೆಗೆ ಇನ್ಸರ್ಟ್ ಮೆನುವಿನಲ್ಲಿ, ಸಾಲುಗಳನ್ನು ಗುಂಪು ಮಾಡಿ ಕೂಡಿ ತೋರಿಸುವ ಪಿವೋಟ್ ಟೇಬಲ್ ಆರಿಸಿ. ಹೆಸರನ್ನು ರೋ ಫೀಲ್ಡ್ಸ್ ಜಾಗಕ್ಕೆ ಎಳೆಯಿರಿ. ಕಿಲೋ, ಕೂಲಿ, ಮುಂಗಡವನ್ನು ಡೇಟಾ ಫೀಲ್ಡ್ಸ್‌ಗೆ ಎಳೆಯಿರಿ. ತಾರೀಕನ್ನು ಫಿಲ್ಟರ್ಸ್‌ಗೆ ಹಾಕಿ. ಓಕೆ ಒತ್ತಿದರೆ ಯಾರಿಗೆ ಎಷ್ಟು ಕೊಡಬೇಕು, ಯಾರ ಮುಂಗಡ ಎಷ್ಟು ಎಲ್ಲ ಮುಂದೆ ಇರುತ್ತದೆ. ಹೆಸರಿನ ಬದಲು ತೋಟದ ಭಾಗವನ್ನು ಎಳೆದರೆ ಯಾವ ಭಾಗದಲ್ಲಿ ಎಷ್ಟು ಕಾಫಿ ಬಂತು ಎನ್ನುವುದೂ ಅದೇ ಹಾಳೆಯಿಂದ ಸಿಗುತ್ತದೆ. ಬಟವಾಡೆಯ ದಿನ ಕೂಲಿಯವರಿಗೆ ಪ್ರಿಂಟ್ ತೋರಿಸಿ ಓದಿ ಹೇಳಿ. ಲೆಕ್ಕ ಇಬ್ಬರ ಕಣ್ಣಿಗೂ ಬೀಳಬೇಕು, ಅಲ್ವಾ?

ಮಳೆಯ ಲೆಕ್ಕಕ್ಕೂ ಇದೇ ದಾರಿ. ನಮ್ಮಲ್ಲಿ ಮಳೆ ಬರೆಯುವುದು ಇಂಚು, ಸೆಂಟಿನಲ್ಲಿ. ಎರಡು ಇಂಚು ನಲವತ್ತು ಸೆಂಟನ್ನು 2.40 ಎಂದು ಒಂದೇ ಚೌಕದಲ್ಲಿ ಬರೆದರೆ ಕೂಡಲು ಬರುತ್ತದೆ, ನೂರು ಸೆಂಟಿಗೆ ಒಂದು ಇಂಚು ತಾನೇ. ಅಜ್ಜನ ಕಾಲದ ಮಳೆ ಪುಸ್ತಕ ಮನೆಯಲ್ಲಿದ್ದರೆ ಮಕ್ಕಳ ರಜೆಯಲ್ಲಿ ಅದನ್ನು ಹಾಳೆಗೆ ಇಳಿಸಿ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವ ವಾರ ಬಂತು ಎಂದು ಚಾರ್ಟ್ ಮಾಡಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೆಲ್ಲೂ ಸಿಗದು.

ಆಡಿಟರ್‌ಗೆ ಕಳಿಸುವಾಗ ಎಕ್ಸೆಲ್ ರೂಪದಲ್ಲಿ ಒಂದು ಪ್ರತಿ ಉಳಿಸಿ ಕಳಿಸಿ. ನಿಮ್ಮ ಮೂಲ ಮಾತ್ರ ಕ್ಯಾಲ್ಕ್‌ನ ಸ್ವಂತ ಓಡಿಎಸ್ ರೂಪದಲ್ಲೇ ಇರಲಿ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಲೋಡ್ ಅಂಡ್ ಸೇವ್, ಅದರಡಿ ಜನರಲ್ ತೆರೆಯಿರಿ. ಆಟೋರಿಕವರಿ 10 ನಿಮಿಷ ಎಂದಿರುತ್ತದೆ. ಅದನ್ನು 2 ಮಾಡಿ, ಬ್ಯಾಕಪ್ ಪ್ರತಿ ಇಡುವ ಆಯ್ಕೆಗೂ ಗುರುತು ಹಾಕಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರು ಇದನ್ನು ಮೊದಲ ದಿನವೇ ಮಾಡಬೇಕು.

ಟವರ್ ಇಲ್ಲದ ದಿನಗಳಿಗೆ

ಪೇಟೆಗೆ ಹೋದಾಗ ಕಿವಿಕ್ಸ್ ಎಂಬ ಓದುವ ಆಪ್ ಹಾಕಿಕೊಂಡು, ಅದು ತೆರೆಯುವ ಜಿಮ್ ಫೈಲ್ ರೂಪದಲ್ಲಿ ಕನ್ನಡ ವಿಕಿಪೀಡಿಯ ಇಳಿಸಿಕೊಳ್ಳಿ. ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಮಕ್ಕಳು ಇಂಟರ್‌ನೆಟ್ ಇಲ್ಲದೆಯೇ ಓದಬಹುದು. ಪಕ್ಕದ ಲ್ಯಾಪ್‌ಟಾಪ್‌ನಲ್ಲೂ ಮಿಂಟ್ ಇದ್ದರೆ ಮಿಂಟ್‌ನದೇ ವಾರ್ಪಿನೇಟರ್ ಎಂಬ ಆಪ್‌ನಿಂದ ಫೈಲ್ ಕಳಿಸಿ. ಎರಡೂ ಒಂದೇ ವೈಫೈ ರೂಟರ್‌ಗೆ ಸೇರಿದ್ದರೆ ಸಾಕು, ಡಾಟಾ ಖರ್ಚಾಗುವುದಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಫ್ಲಾಟ್‌ಪ್ಯಾಕ್ ಎಂದು ಗುರುತಿರುವ ಆಪ್‌ಗಳು ಗಾತ್ರದಲ್ಲಿ ದೊಡ್ಡವು. 2025ರ ಮಾರ್ಚ್‌ನಲ್ಲಿ ಬಂದ, ಚಿತ್ರ ತಿದ್ದುವ ಗಿಂಪ್ 3 ಅಂಥದ್ದು. ಹೋಂಸ್ಟೇ ಪೋಸ್ಟರ್ ಮಾಡುವವರಿಗೆ ತುಂಬಾ ಉಪಯೋಗ, ಆದರೆ ಮೊಬೈಲ್ ಡಾಟಾದಲ್ಲಿ ಇಳಿಸಬೇಡಿ.

ಅಪ್‌ಡೇಟ್ ಮ್ಯಾನೇಜರ್ ನೀವು ಬೇರೆ ಹೇಳದ ಹೊರತು ತಾನಾಗಿ ಏನನ್ನೂ ಹಾಕುವುದಿಲ್ಲ. ಹಾಗೆಂದು ತಿಂಗಳುಗಟ್ಟಲೆ ಬಿಡಬಾರದು. ಒಳ್ಳೆಯ ನೆಟ್ ಸಿಕ್ಕ ದಿನ ಒಮ್ಮೆ ಮುಗಿಸಿಬಿಡಿ.

ಬ್ಯಾಕಪ್

ಮಿಂಟ್‌ನ ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಆಪ್ ತೆರೆದು ಆರ್‌ಸಿಂಕ್ ಎಂಬ ವಿಧಾನ ಆರಿಸಿ, ವಾರಕ್ಕೊಂದು ಪ್ರತಿ, ಎರಡೇ ಪ್ರತಿ ಉಳಿಸು ಎಂದು ಹೇಳಿ. ಯಾವುದೋ ಅಪ್‌ಡೇಟ್‌ನಿಂದ ತೊಂದರೆಯಾದರೆ ಹಿಂದಿನ ವಾರಕ್ಕೆ ಮರಳಬಹುದು. ಆದರೆ ಇದು ಉಳಿಸುವುದು ಸಿಸ್ಟಮ್ ಮಾತ್ರ. ನಿಮ್ಮ ಫೋಟೋ, ಲೆಕ್ಕ, ಪತ್ರಗಳನ್ನು ಇದು ಮುಟ್ಟುವುದಿಲ್ಲ. ಅವಕ್ಕೆ ಹೊರಗಿನ ಡಿಸ್ಕ್ ಬೇಕು.

ಆ ಡಿಸ್ಕ್ ಅದೇ ಮನೆಯಲ್ಲಿ ಇದ್ದರೆ ಸಾಲದು. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಯ ಜೊತೆ ಜಾಗದ ಕಾಗದ, ಮಕ್ಕಳ ಅಂಕಪಟ್ಟಿ ಎಲ್ಲ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಎರಡನೇ ಡಿಸ್ಕ್‌ಗೆ ಹಾಕಿ, ಮೈಸೂರಿನಲ್ಲೋ ಬೇರೆ ಊರಿನಲ್ಲೋ ಇರುವ ನಂಬಿಕೆಯ ನೆಂಟರ ಮನೆಯಲ್ಲಿಡಿ. ಮಿಂಟ್‌ನ ಡಿಸ್ಕ್ಸ್ ಎಂಬ ಆಪ್‌ನಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಪಾಸ್‌ವರ್ಡ್ ಹಾಕುವ ಆಯ್ಕೆ ಇದೆ. ಹಾಗೆ ಮಾಡಿದರೆ ಬೇರೆಯವರ ಕೈಗೆ ಸಿಕ್ಕರೂ ಓದಲಾಗದು. ಆ ಡಿಸ್ಕ್ ವಿಂಡೋಸ್‌ನಲ್ಲಿ ತೆರೆಯುವುದಿಲ್ಲ ಎನ್ನುವುದು ನೆನಪಿರಲಿ.

ಸಿಕ್ಕಿಬಿದ್ದರೆ

ಮೊದಲ ವಾರ ಒಂದೆರಡು ಕಡೆ ಸಿಕ್ಕಿಬೀಳುವುದು ಸಹಜ. ಸಹಾಯ ಕೇಳುವಾಗ 'ಲಿನಕ್ಸ್ ಕೆಲಸ ಮಾಡ್ತಿಲ್ಲ' ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯದು. ಲ್ಯಾಪ್‌ಟಾಪ್‌ನ ಅಡಿಯಲ್ಲಿರುವ ಮಾಡೆಲ್ ಸಂಖ್ಯೆ, ಮಿಂಟ್‌ನ ಆವೃತ್ತಿ, ಪರದೆಯ ಮೇಲೆ ಬಂದ ತಪ್ಪು ಸಂದೇಶದ ಫೋಟೋ, ಅದಕ್ಕೆ ಮುಂಚೆ ನೀವು ಏನು ಮಾಡಿದಿರಿ ಎಂಬುದು, ಇಷ್ಟು ಕೊಡಿ. ಮೆನುವಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಎಂದು ಹುಡುಕಿದರೆ ಯಂತ್ರದ ಪೂರ್ತಿ ವಿವರ ಒಂದೇ ಕಡೆ ಸಿಗುತ್ತದೆ. ಅದನ್ನು ಕಾಪಿ ಮಾಡಿ ಕಳಿಸಿ. ಪರದೆ ಕಪ್ಪಾಗಿ ಏನೂ ಕಾಣದೆ ಹೋದರೆ ಅದೇ ಪೆನ್‌ಡ್ರೈವ್‌ನಿಂದ ಮತ್ತೆ ತೆರೆಯಿರಿ. ಡಿಸ್ಕ್ ಗಟ್ಟಿಯಾಗಿದ್ದರೆ ನಿಮ್ಮ ಫೈಲ್‌ಗಳು ಅಲ್ಲಿ ಕಾಣುತ್ತವೆ. ಮೊದಲು ಅವನ್ನು ಹೊರಗೆ ತೆಗೆದುಕೊಂಡು, ಆಮೇಲೆ ರಿಪೇರಿಗೆ ಕೈ ಹಾಕಿ.